ಶ್ರೀಶೈಲವೆಂದು ಹೇಳಿದ ಹೈದರಾಬಾದು

ಶಿರವಾಳದ ಶೇಖಮ್ಮ ಶಹಾಪುರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯಾಕೆ. ಹತ್ತೊಂಬತ್ತು ವರ್ಷದಿಂದ ನೂರು ಹುಡುಗಿಯರ ಹೊಟ್ಟೆ ತುಂಬಿಸಿದ್ದಾಳೆ. ಎಲ್ಲರ ಊಟ ಮುಗಿದ ಮೇಲೆ ತಳದಲ್ಲಿ ಉಳಿದ ತಣ್ಣನೆಯ ಅನ್ನವೇ ಆಕೆಯ ಪಾಲು. ಮನೆಗೆ ಬಂದರೆ ಅಲ್ಲಿಯೂ ಒಲೆ ಆಕೆಯದೇ. ಗಂಡ ಬಸವಂತರಾಯ ಕುರಿ ಹೊಡೆದುಕೊಂಡು ಹೋದನೆಂದರೆ ತಿಂಗಳುಗಟ್ಟಲೆ ಬಯಲಲ್ಲೇ. ಮನೆಯಲ್ಲಿರುವವರು ಆಕೆ ಮತ್ತು ಎಪ್ಪತ್ತು ದಾಟಿದ ಅತ್ತೆ ಸಾಯಬಮ್ಮ. ಇಂಥ ಹೆಂಗಸಿಗೆ ಒಮ್ಮೆಯಾದರೂ ಸುಮ್ಮನೆ ಕುಳಿತು, ಯಾರೋ ಮಾಡಿದ ಬಿಸಿ ಅಡುಗೆಯನ್ನು ಯಾರೋ ಬಡಿಸಿದರೆ ಉಣ್ಣಬೇಕು ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ. ಅದನ್ನು ಬಾಯಿಬಿಟ್ಟು ಹೇಳದೆ ಹೋದದ್ದೇ ಎಡವಟ್ಟಾಯಿತು.

ಆಸೆ ಹಚ್ಚಿದವಳು ಜೊತೆಯ ಅಡುಗೆಯಾಕೆ ಮಮ್ತಾಜ. ಅವಳ ತಂಗಿಯ ಮನೆ ಹೈದರಾಬಾದಿನಲ್ಲಿತ್ತು. ದಸರಾ ಹಬ್ಬ ಮುಗಿದು ಹಾಸ್ಟೆಲಿನ ರಜೆ ಇನ್ನೂ ಉಳಿದಿರುವಾಗ ಯಾದಗಿರಿಯಿಂದ ಬಸ್ಸು ಹತ್ತುವುದು, ಒಂದು ರಾತ್ರಿ ತಂಗಿಯ ಮನೆಯಲ್ಲಿದ್ದು ಮರುದಿನ ಬರುವುದು ಎಂದು ಇಬ್ಬರೂ ಚಪಾತಿ ಲಟ್ಟಿಸುತ್ತಲೇ ಗೊತ್ತು ಮಾಡಿದರು. ಚಾರ್‌ಮಿನಾರ್ ಹತ್ತಬೇಕು, ಪಕ್ಕದ ಬಜಾರಿನಲ್ಲಿ ಬಳೆ ತೊಡಬೇಕು, ಮರುದಿನ ಮ್ಯೂಜಿಯಂ, ಆಮೇಲೆ ಕೆರೆಯಲ್ಲಿ ದೋಣಿ. ಇದೆಲ್ಲ ಮಮ್ತಾಜಳ ಆಸೆ. ಶೇಖಮ್ಮಳದು ಒಂದೇ: ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕುಳಿತು ಬಿರಿಯಾನಿ.

"ಉಂಡ್ ಮ್ಯಾಲ ನಾ ತಾಟು ಮುಟ್ಟಂಗಿಲ್ಲ ನೋಡು. ಕೈ ತೊಳಕೊಂಡು ಸೀದಾ ಎದ್ದು ಬರಾಕಿ," ಎಂದಳು.

"ಅಲ್ಲಿ ಕೈ ತೊಳಿಲಿಕ್ಕ ನಿಂಬಿಹಣ್ಣು ಹಾಕಿದ ಬಿಸಿನೀರು ಟೇಬಲ್ಲಿಗೇ ಕೊಡ್ತಾರಕ್ಕ," ಎಂದು ಮಮ್ತಾಜ ಆಸೆಗೆ ಇನ್ನಷ್ಟು ತುಪ್ಪ ಸುರಿದಳು.

ಆದರೆ ತಿನ್ನುವುದಕ್ಕೆಂದೇ ಊರು ಬಿಟ್ಟು ಹೋದ ಹೆಂಗಸು ಆ ಓಣಿಯಲ್ಲಿ ಹಿಂದೆಂದೂ ಇರಲಿಲ್ಲ. ದೇವರಿಗೆ ಹೋಗಬಹುದು, ದವಾಖಾನೆಗೆ ಹೋಗಬಹುದು, ಮದುವೆಗೆ, ಮಣ್ಣಿಗೆ ಹೋಗಬಹುದು. ಎಲ್ಲಿಗೆ ಹೊರಟಿದ್ದೀ ಎಂದು ಅತ್ತೆ ಕೇಳಿದಾಗ ಶೇಖಮ್ಮಳ ನಾಲಿಗೆ ತಾನಾಗಿಯೇ ಹೊರಳಿತು.

"ಶ್ರೀಶೈಲಕ್ಕ, ಅತ್ತಿ. ಹಾಸ್ಟೆಲ್ ಹೆಣ್ಮಕ್ಕಳ ಜೋಡಿ."

ಶ್ರೀಶೈಲದ ಮಲ್ಲಯ್ಯನ ಹೆಸರು ಕೇಳಿ ಸುಮ್ಮನಿರುವ ಊರೇ ಅದು? ಒಬ್ಬರು ಶ್ರೀಶೈಲಕ್ಕೆ ಹೊರಟರೆ ಇಡೀ ಓಣಿಯ ಹರಕೆಗಳು ಅವರ ಗಂಟಿನಲ್ಲಿ ಹೊರಡುತ್ತವೆ. ಮರುದಿನದಿಂದಲೇ ಒಬ್ಬೊಬ್ಬರಾಗಿ ಬಂದು, "ನಮ್ಮ ಹೆಸರ್ಲೆ ಒಂದು ಕಾಯಿ ಒಡಸವ್ವ" ಎಂದು ತೆಂಗಿನಕಾಯಿ ಇಟ್ಟುಹೋದರು. ಮೂರನೆಯ ದಿನಕ್ಕೆ ಹನ್ನೊಂದು ಕಾಯಿ ಮೂಲೆಯಲ್ಲಿ ಕುಳಿತವು. ಶೇಖಮ್ಮ ಆ ಮೂಲೆ ಕಸ ಗುಡಿಸುವುದನ್ನೇ ಬಿಟ್ಟಳು.

ಕೊನೆಗೆ ಪಕ್ಕದ ಮನೆಯ ಮೌನಮ್ಮ ಬಂದಳು. ಅವಳ ಗಂಡ ತಿಮ್ಮಣ್ಣನಿಗೆ ಕಣ್ಣಿನ ಆಪರೇಶನ್ ಆಗಿ ಇನ್ನೂ ಪಟ್ಟಿ ಬಿಚ್ಚಿರಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ, ಹರಕೆಗೆ ಮಾಡಿಸಿದ ಬೆಳ್ಳಿಯ ಎರಡು ಪುಟ್ಟ ಕಣ್ಣುಗಳನ್ನು ಶೇಖಮ್ಮಳ ಅಂಗೈಗೆ ಹಾಕಿದಳು.

"ಮಲ್ಲಯ್ಯನ ಪಾದಕ್ಕ ಮುಟ್ಟಿಸು. ನಿನ್ನ ಕೈಲೆ ಮುಟ್ಟಿದ್ರ ನಾನೇ ಹೋಗಿ ಬಂದಂಗ."

ಶೇಖಮ್ಮ ಹೂಂ ಅಂದಳು. ಯಾರದೋ ಕಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ತಾನು ಬಿರಿಯಾನಿ ತಿನ್ನಲು ಹೊರಟಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮರುದಿನ ಮಧ್ಯಾಹ್ನ ಅತ್ತೆಗೆ ತಾಟು ಇಟ್ಟರೆ ಆಕೆ ಅದನ್ನು ಪಕ್ಕಕ್ಕೆ ಸರಿಸಿದಳು.

"ಇವತ್ತಿನಿಂದ ನನಗ ಒಪ್ಪತ್ತು. ಸಂಜಿಗೆ ಒಂದೇ ಸಲ ಉಣ್ಣಾಕಿ. ನೀ ಹೋಗಿ ಬಂದು ಹೊಸ್ತಿಲ ತುಳಿಯೂ ತನಾ."

ಶೇಖಮ್ಮ ಅತ್ತೆಯ ಎದುರಿಗೇ ಕುಳಿತಳು. ಇನ್ನು ತಡೆಯಲಾಗಲಿಲ್ಲ.

"ಅತ್ತಿ, ನಾ ಶ್ರೀಶೈಲಕ್ಕ ಹೊಂಟಿಲ್ಲ. ಮಮ್ತಾಜನ ಜೋಡಿ ಹೈದರಾಬಾದಿಗೆ ಹೊಂಟೀನಿ. ಊರು ನೋಡಾಕ. ಕುಂತು ಉಣ್ಣಾಕ."

ಸಾಯಬಮ್ಮ ಬೈಯಲಿಲ್ಲ; ಸರಿಸಿದ ತಾಟನ್ನು ಮುಚ್ಚಿಟ್ಟಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಖರೇ ಹೇಳಿದ್ರ ನಾ ಬ್ಯಾಡ ಅಂತಿದ್ದೆ," ಎಂದಳು. "ಅದು ನನ್ನ ತಪ್ಪು. ದೇವರ ಹೆಸರು ಹೇಳಿದ್ದು ನಿನ್ನ ತಪ್ಪು. ಏಳು, ಒಂದೊಂದು ಮನಿಗೂ ನೀನೇ ಹೋಗಿ ಕಾಯಿ ತಿರುಗಿ ಕೊಟ್ಟು ಬಾ."

ಕಾಯಿಯ ಹನ್ನೊಂದು ಬಾಗಿಲು, ಕೊನೆಗೆ ಮೌನಮ್ಮಳದು. ಕೆಲವರು ನಕ್ಕರು, ಕೆಲವರು ಕಾಯಿ ಕಸಿದುಕೊಂಡು ಒಳಗೆ ಹೋದರು. ಮೌನಮ್ಮ ಮಾತ್ರ ಬೆಳ್ಳಿಯ ಕಣ್ಣುಗಳನ್ನು ಕಣ್ಣಿಗೊತ್ತಿಕೊಂಡು, "ಇರಲಿ ಬಿಡವ್ವ, ಯುಗಾದಿಗೆ ನಡಕೊಂಡು ಹೋಗೋರ ಕೈಯಾಗ ಕಳಸ್ತೀನಿ" ಎಂದಳು. ಆ ಸಮಾಧಾನದ ಮಾತಿಗೆ ಶೇಖಮ್ಮಳ ಮುಖ ಸುಟ್ಟಂತಾಯಿತು.

ಮನೆಗೆ ಬಂದವಳೇ ಅತ್ತೆಯ ಮುಂದೆ ಮತ್ತೆ ತಾಟು ಇಟ್ಟಳು.

"ಎಲ್ಲಾ ಕೊಟ್ಟು ಬಂದೆ. ಈಗರ ಉಣ್ಣು, ಅತ್ತಿ. ಇನ್ನ ಯಾತಕ್ಕ ಒಪ್ಪತ್ತು?"

"ನಾ ಹಿಡಿದಿದ್ದು ಶ್ರೀಶೈಲದ ಸಲುವಾಗಿ ಅಲ್ಲ. ದಾರಿಗೆ ಹೊಂಟ ಸೊಸಿ ಸುಖವಾಗಿ ಮನಿಗಿ ಬರ್ಲಿ ಅಂತ. ನೀ ಹೈದರಾಬಾದಿಗೆ ಹೋದ್ರೂ ಮನಿಗೇ ಬರಾಕಿ ಅಲ್ಲ? ಹೋಗು. ಹೊಟ್ಟಿ ತುಂಬ ಉಂಡು ಬಾ."

ಮುದುಕಿ ತಾಟು ಮುಟ್ಟಲಿಲ್ಲ. ಶೇಖಮ್ಮ ಹಿತ್ತಲಿಗೆ ಹೋಗಿ ಅತ್ತಳು, ಮುಖ ತೊಳೆದಳು, ಮಮ್ತಾಜಳಿಗೆ ಫೋನ್ ಹಚ್ಚಿದಳು.

"ವಸ್ತಿ ಇರೂದು ಬ್ಯಾಡ, ಮಮ್ತಾಜ. ಮೊದಲನೇ ಬಸ್ಸಿಗೆ ಹೋಗಿ, ಉಂಡು, ಅವತ್ತೇ ವಾಪಸ್ ಬರಮು."

"ಮತ್ತ ಚಾರ್‌ಮಿನಾರ್? ಮ್ಯೂಜಿಯಂ?"

"ಬಸ್ಸಿನಾಗಿಂದ ಕಂಡಷ್ಟು ಕಾಣ್ಲಿ. ನಮ್ಮತ್ತಿ ಹಸಕೊಂಡು ಕುಂತಿರ್ತಾಳ."