ಗಡ್ಡ ತೆಗೆಸಿದ ಮಧ್ಯಾಹ್ನ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಬೇರೆ ಏನನ್ನೋ ಬರೆದು ಎದ್ದಿದ್ದೇನೆ. ಇನ್ನು ತಡ ಮಾಡಿದರೆ ಬರೆಯುವ ಕೈಯೇ ಉಳಿಯುವುದಿಲ್ಲ.

ಮಾಸ್ತರರ ತೋರುಬೆರಳು ನಶ್ಯದಿಂದ ಕಂದಾಗಿತ್ತು. ಆ ಬೆರಳನ್ನೇ ಗಲ್ಲದ ಮೇಲೆ ಕ್ಷೌರದ ಕತ್ತಿಯಂತೆ ಎಳೆಯುತ್ತ ಅವರು ನಮಗೆ ಅಮೆರಿಕದ ಪಾಠ ಹೇಳಿದರು. ಐವತ್ತರ ದಶಕ. ನಾನು ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್. ಊಟದ ಗಲಾಟೆ ಮುಗಿದು ಚಹಾದ ಗಿರಾಕಿ ಬರುವ ತನಕ ನಮಗೆ ಬಿಡುವು. ಆಗ ಕನ್ನಡ ಸಂಘದ ಮಾಳಿಗೆಯಲ್ಲಿ ಧಾರವಾಡದ ಈ ಮುದುಕರು ಪಾಠ ಮಾಡುತ್ತಿದ್ದರು. ನಾನು ಮೆಟ್ರಿಕ್ ಪಾಸಾದದ್ದು ಅವರಿಂದ. ಆಮೇಲೂ ಅವರ ಮಾತು ಕೇಳಲೆಂದೇ ಹೋಗುತ್ತಿದ್ದೆ.

"ಹೋದ ಶತಮಾನದಾಗ ನ್ಯೂಯಾರ್ಕಿನ ಮೇಯರ್ ಚುನಾವಣಿ. ಒಬ್ಬಾವ ಗಡ್ಡ ಬಿಟ್ಕೊಂಡು ಬಂದು ಒಂದು ವೋಟ್ ಹಾಕಿದ. ಸಲೂನಿಗೆ ಹೋಗಿ ಗಡ್ಡ ತಗಸಿ ಇನ್ನೊಂದು. ಮೀಸಿ ತಗಸಿ ಮತ್ತೊಂದು! ಗೆದ್ದಾವ ಮೇಯರ್ ಅಲ್ರೋ, ಸಲೂನಿನಾವ!" ತಾವೇ ಮೊದಲು ನಕ್ಕು, ಕೆಮ್ಮು ಬಂದು ಕೂತುಬಿಡುತ್ತಿದ್ದರು.

ಆ ವರ್ಷ ಸಂಘದ ಅಧ್ಯಕ್ಷಗಿರಿಗೆ ಮಾಸ್ತರರು ನಿಂತರು. ಎದುರಿಗೆ ನಮ್ಮ ಹೋಟೆಲಿನ ಧಣಿ. ಧಣಿ ಗೆದ್ದರೆ ಮಾಳಿಗೆ ಲಾಡ್ಜ್ ಆಗುತ್ತದೆ, ಪಾಠ ನಿಲ್ಲುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು.

ಧಣಿ ನನ್ನನ್ನು ಕರೆದರು. "ಹೆಂಡತಿ ಬಸುರಿ ಅಲ್ವಾ ಮಾರಾಯ? ಹೆತ್ತ ಮೇಲೆ ಕರ್ಕೊಂಡು ಬಾ, ಲಾಡ್ಜಲ್ಲಿ ಒಂದು ರೂಮು ನಿನಗೇ. ಆದ್ರೆ ಒಂದು ವೋಟು ಸಾಕಾಗುದಿಲ್ಲ."

ಹೆಂಡತಿ ಹೆರುವವರೆಗೆ ಗಂಡ ಕ್ಷೌರ ಮಾಡಿಸಬಾರದೆಂಬುದು ನಮ್ಮ ಮನೆಯ ಪದ್ಧತಿ. ಗಡ್ಡ ನನ್ನ ಮುಖವನ್ನೇ ಮುಚ್ಚಿತ್ತು. ಚುನಾವಣೆಯ ದಿನ ಬೆಳಿಗ್ಗೆ ಮಾಳಿಗೆಗೆ ಹೋಗಿ ಗಡ್ಡದಲ್ಲಿ ಒಂದು ವೋಟು ಹಾಕಿದೆ. ಮಧ್ಯಾಹ್ನ ಸಲೂನಿನಿಂದ ನೇರ ಬಂದು, ಊರಿಗೆ ಹೋಗಿದ್ದ, ನಮ್ಮೂರಿನವನೇ ಆದ ಹೋಟೆಲಿನ ಅಡುಗೆಯವನ ಹೆಸರು ಹೇಳಿ ಇನ್ನೊಂದು ಹಾಕಿದೆ. ಮೇಜಿನ ಹಿಂದೆ ಕೂತವರು ಚುನಾವಣೆ ನಡೆಸಲು ಕುರ್ಲಾದಿಂದ ಕರೆಸಿದವರು, ಅವರಿಗೆ ನಮ್ಮ ಗುರುತಿರಲಿಲ್ಲ.

ಇಳಿಯುವಾಗ ಮೆಟ್ಟಿಲ ಬುಡದಲ್ಲಿ ಮಾಸ್ತರರು. ನನ್ನ ಬೋಳು ಗಲ್ಲವನ್ನೇ ನೋಡಿದರು.

"ಏ, ಹೆರಿಗಿ ಆತೇನೋ? ಗಂಡೋ, ಹೆಣ್ಣೋ?"

"ಗಂಡು, ಸರ್."

ಗೆದ್ದರೆ ಹಂಚಲೆಂದು ತಂದಿದ್ದ ಪೇಡೆಯ ಪೊಟ್ಟಣವನ್ನು ಅಲ್ಲೇ ಒಡೆದು ನನ್ನ ಬಾಯಿಗಿಟ್ಟರು. ಬೆರಳಿನ ನಶ್ಯದ ಘಾಟು ಪೇಡೆಗೂ ಹತ್ತಿತ್ತು. "ಚುನಾವಣಿ ಹೋಗ್ಲಿ ಬಿಡೋ. ಇದು ದೊಡ್ಡದು."

ಅವರು ಒಂದೇ ಮತದಿಂದ ಸೋತರು.

ಅಡುಗೆಯವನು ಊರಿನಿಂದ ಬಂದಾಗ ಮಾಸ್ತರರು ನನ್ನ ಕೂಸಿನ ಕ್ಷೇಮ ವಿಚಾರಿಸಿದರು. "ಯಾವ ಮಗು ಮಾಸ್ಟ್ರೇ? ಅವಳಿಗೆ ಇನ್ನೂ ದಿನ ತುಂಬಿಲ್ಲ" ಎಂದನಂತೆ. ಅವರಿಗೆ ಅಷ್ಟು ಸಾಕಾಯಿತು. ಯಾರಿಗೂ ದೂರು ಕೊಡಲಿಲ್ಲ. ಹೋಟೆಲಿಗೆ ಬಂದು ನನ್ನ ಟೇಬಲ್ಲಿನಲ್ಲೇ ಕೂತು ಚಹಾ ಕುಡಿದರು.

"ಇಷ್ಟು ಮಂದಿಯೊಳಗ ನನ್ನ ಪಾಠ ಛಲೋ ಕಲ್ತಾವ ನೀ ಒಬ್ಬಾವ ನೋಡು" ಎಂದು ನಕ್ಕರು. ಆ ನಗುವಿಗೆ ಕೆಮ್ಮು ಬರಲಿಲ್ಲ.

ಮಾಳಿಗೆ ಲಾಡ್ಜಾಯಿತು. ರೂಮು ಕೇಳಿದಾಗ ಧಣಿ, "ಮಾಸ್ಟ್ರಿಗೇ ಕೈ ಕೊಟ್ಟವ, ನಾಳೆ ನನಗೆ ಕೊಡುದಿಲ್ವಾ?" ಎಂದರು. ಊರಿನಲ್ಲಿ ಹೆಂಡತಿ ಹೆಣ್ಣು ಹೆತ್ತಳು.

ಕೆಲವು ವರ್ಷಗಳ ಮೇಲೆ ಮಾಸ್ತರರು ದಹಿಸರಿನಲ್ಲಿ ತೀರಿಕೊಂಡರೆಂದು ತಿಳಿದು ಹೋದೆ. ಅವರ ಹೆಂಡತಿ ನನ್ನ ಗುರುತು ಹಿಡಿದರು. "ಗಂಡು ಕೂಸಿನ ಅಪ್ಪ ಅಲ್ಲೇನ್ರಿ? ಅವತ್ತ ಮನಿಗೆ ಬಂದಾವ್ರು ಮೊದ್ಲ ಆ ಸುದ್ದಿ ಹೇಳಿದ್ರು. ಸೋತದ್ದು ಆಮ್ಯಾಲೆ ಹೇಳಿದ್ರು. ಮಗ ಹೆಂಗದಾನ?"

ಅಂದರೆ ನಿಜವನ್ನು ಅವರು ಮನೆಯಲ್ಲೂ ಹೇಳಿರಲಿಲ್ಲ.

"ಚೆನ್ನಾಗಿದ್ದಾನೆ" ಎಂದೆ.

ತಪ್ಪಾಯಿತು ಎಂಬ ಮಾತನ್ನು ಬದುಕಿನಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳದೆ ಉಳಿದದ್ದು ನನ್ನ ಮಾಸ್ತರರಿಗೆ.