ವೈಕೌಂಟ್ ದೊಡ್ಡವರೋ, ದೇಸಾಯರು ದೊಡ್ಡವರೋ

ತೊಂಬತ್ತರ ದಶಕದಲ್ಲಿ ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್‌ನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿನಲ್ಲಿ ಒಬ್ಬ ಜಪಾನಿ ವೃದ್ಧೆ ಇದ್ದರು. ಅವರ ತಂದೆ ವೈಕೌಂಟ್ ಆಗಿದ್ದರಂತೆ. ಯುದ್ಧದ ನಂತರ ಜಪಾನಿನಲ್ಲಿ ಅಂಥ ವಂಶಪಾರಂಪರ್ಯದ ಪದವಿಗಳೆಲ್ಲ ರದ್ದಾದವು. ಇದನ್ನು ಧಾರವಾಡದ ಕಡೆಯಿಂದ ಬಂದಿದ್ದ ಅತ್ತೆಗೆ ಹೇಳಿ ನಾನು ಕೆಟ್ಟೆ.

ಅತ್ತೆ ದೇಸಾಯರ ಮಗಳು. ಹಳ್ಳಿಗಳ ಒಡೆತನದ ದೇಸಗತಿ ಎಂದೋ ಹೋಗಿತ್ತು, ಗತ್ತು ಮಾತ್ರ ಸೂಟ್‌ಕೇಸಿನಲ್ಲಿ ಮೇರಿಲ್ಯಾಂಡಿನ ತನಕ ಬಂದಿತ್ತು.

"ವೈಕೌಂಟ್ ಅಂದ್ರ ದೇಸಾಯರಿಗಿಂತ ದೊಡ್ಡವರೇನು?"

"ಐದು ದರ್ಜೆ ಇತ್ತಂತೆ ಅತ್ತೆ. ಇದು ಮೇಲಿಂದ ನಾಲ್ಕನೇದು."

"ನಾಲ್ಕನೇದಾ! ಹಂಗಾರ ಮೊದಲ ಆಕೀನ ಬರಬೇಕು ನಮ್ಮ ಮನಿಗೆ."

ನಾವು ಗಂಡ ಹೆಂಡತಿ ಕೆಲಸಕ್ಕೆ ಹೋದರೆ ಅತ್ತೆಗೆ ಹಗಲಿಡೀ ಮಾತಿಗೆ ಜನವಿಲ್ಲ. ಒಬ್ಬ ಗೆಳತಿ ಅವರಿಗೆ ಬೇಕೇ ಬೇಕಾಗಿತ್ತು. ಆದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಲ್ಲ! ಆ ಕಿಟಕಿಯವರು ತಲೆ ಬಾಗಿಸಿದರೆ ಈ ಕಿಟಕಿಯವರೂ ತುಸುವೇ ಬಾಗಿಸುತ್ತಿದ್ದರು. ಇಡೀ ಚಳಿಗಾಲ ಇದೇ ನಡೆಯಿತು. ನನಗೋ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕುವಷ್ಟು ಸಿಟ್ಟು.

ಒಂದು ಶನಿವಾರ ಬೆಳಿಗ್ಗೆ ತೆಳ್ಳಗೆ ಸ್ನೋ ಬಿದ್ದಿತ್ತು. ಕಿಟಕಿಯಲ್ಲಿದ್ದ ಅತ್ತೆ ಚೀರಿದರು.

"ಅಯ್ಯ ಶಿವನ! ಅಷ್ಟು ದೊಡ್ಡ ಮನಿತನದಾಕಿ ನಮ್ಮ ಬಾಗಲದಾಗ ಕಸಬರಗಿ ಹಿಡದಾಳಲ್ಲ!"

ನಾಲ್ಕನೆಯ ದರ್ಜೆ ಅಷ್ಟರಲ್ಲೇ ದೊಡ್ಡ ಮನೆತನವಾಗಿತ್ತು. ಸೀರೆಯ ಮೇಲೆ ಮಗನ ಜಾಕೆಟ್ ಏರಿಸಿ ಹೊರಗೆ ಓಡಿದ ಅತ್ತೆ ಕಸಬರಿಗೆಗೆ ಕೈ ಹಾಕಿದರು. ಅವರು ಬಿಡಲಿಲ್ಲ, ಇವರೂ ಬಿಡಲಿಲ್ಲ. ಇಬ್ಬರೂ ನಗುತ್ತಲೇ ಜಗ್ಗಾಡಿದರು. ಕೊನೆಗೆ ನಾನೇ ಒಳಗೆ ಕರೆದು ಚಹಾ ಕೊಟ್ಟೆ.

"ಪದವಿ ಹೋಯಿತು, ಆಳುಗಳೂ ಹೋದರು. ಅಮ್ಮ ನಮ್ಮ ಕೈಗೆ ಕಸಬರಿಗೆ ಕೊಟ್ಟರು," ಎಂದು ಆಕೆ ಇಂಗ್ಲಿಷಿನಲ್ಲಿ ಹೇಳಿದರು. "ನಮ್ಮ ಬಾಗಿಲು ಗುಡಿಸುವಾಗ ನೆರೆಯವರದ್ದೂ ಒಂದಿಷ್ಟು ಗುಡಿಸುವುದು ನಮ್ಮಲ್ಲಿ ರೂಢಿ. ನಿಮ್ಮ ಅತ್ತೆ ನನಗಿಂತ ಹಿರಿಯರು. ಕರೆಯದೆ ಹೇಗೆ ಬರಲಿ ಎಂದು ಕಾಯುತ್ತಿದ್ದೆ."

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆಯ ಕಣ್ಣು ತುಂಬಿತು.

"ನಮ್ಮವ್ವ ಯಾರ ಮನಿಗೂ ತಾನಾಗಿ ಹೋಗಲಿಲ್ಲ ನೋಡವಾ. ಕಡೀಕ ಆಕಿ ಮನಿಗೂ ಯಾರೂ ಬರಲಿಲ್ಲ."

ಮರುದಿನ ಎದ್ದು ನೋಡಿದರೆ ಅತ್ತೆ ಪಕ್ಕದ ಮನೆಯ ಮುಂದೆ ಬಗ್ಗಿ ರಂಗೋಲಿ ಹಾಕುತ್ತಿದ್ದರು. ಸ್ನೋ ಮೇಲೆ ಬಿಳಿ ಪುಡಿ ಕಾಣದೆಂದು ನನ್ನ ಅರಿಶಿನದ ಡಬ್ಬಿಯನ್ನೇ ಬರಿದು ಮಾಡಿದ್ದರು. ಆಮೇಲೆ ಬೆಲ್ ಒತ್ತಿದರು. ಬಾಗಿಲು ತೆರೆದದ್ದೇ ತಡ, ಬನ್ನಿ ಎನ್ನಲೂ ಬಿಡದೆ ದೇಸಾಯರ ಮಗಳು ಒಳಗೆ ನಡೆದರು.