ಶಾರದತ್ತೆ ನೆರಿಗೆ ಹಿಡಿದ ಕಿಲ್ಟು

ಉಣ್ಣೆಯ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಒತ್ತಿದಾಗ ಏಳುವ ಹಬೆಗೆ ಒಂದು ವಾಸನೆಯಿದೆ. ಮಳೆಯಲ್ಲಿ ನೆನೆದ ಕುರಿಯದೂ ಹೌದು, ಬಿಸಿಲಿಗೆ ಹರವಿದ ಹಳೆಯ ಕಂಬಳಿಯದೂ ಹೌದು. ಕಳೆದ ವಾರ ಮಗಳ ಶಾಲೆಯ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಅದು ಎದ್ದಿತು. ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿ ಹಾಗೇ ನಿಂತುಬಿಟ್ಟೆ. ಹೊಳೆನರಸೀಪುರದಲ್ಲಿ ದೇವಸ್ಥಾನದ ಹಿಂದಿನ ಬೀದಿಯ ನಮ್ಮ ಮನೆ, ಅದರ ನಡುಮನೆ, ಕಿಟಕಿಯ ಪಕ್ಕದ ಹೊಲಿಗೆ ಮಿಷನ್ನು, ಅದರ ಮುಂದೆ ತಲೆ ಬಗ್ಗಿಸಿ ಕೂತ ಶಾರದತ್ತೆ, ಎಲ್ಲವೂ ಆ ಹಬೆಯೊಳಗಿಂದ ಮೆಲ್ಲಗೆ ಮೂಡಿದವು. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅದು ಕರೆದಾಗ ಹಿಂದಿರುಗಲು ಮನೆ ಇಲ್ಲದ ಸಂಕಟವೂ ಗೊತ್ತಿದ್ದೀತು.

ಶಾರದತ್ತೆ ನನ್ನ ತಂದೆಯ ಅಕ್ಕ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತ ಇದ್ದುಬಿಟ್ಟಳು. ಮದುವೆ ಮುಂಜಿಗಳಿಗೆ ಅವಳನ್ನು ಯಾರೂ ಬರಬೇಡವೆನ್ನುತ್ತಿರಲಿಲ್ಲ, ಅವಳೇ ಹೋಗುತ್ತಿರಲಿಲ್ಲ. ಊರಾಚೆ ಬಸ್ಸು ಹತ್ತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮನೆಯ ಯಜಮಾನರು ತಾತ, ಪುರೋಹಿತರು. ಅವರ ಮಡಿಪಂಚೆ ಹಿತ್ತಿಲಿನಲ್ಲಿ ಬೇರೆ ಹಗ್ಗದ ಮೇಲೆ ಒಣಗುತ್ತಿತ್ತು, ನಾವು ಮಕ್ಕಳು ಅದರ ನೆರಳು ತುಳಿಯಲೂ ಅಂಜುತ್ತಿದ್ದೆವು.

ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಗೆ ಡ್ರಿಲ್ ಮೇಷ್ಟ್ರಾಗಿ ನಂಜೇಗೌಡರು ಬಂದರು. ಮಲ್ಲಿಪಟ್ಟಣದ ಕಡೆಯವರು, ಮಿಲಿಟರಿ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದಿ ನಿವೃತ್ತರಾದವರು. ಕಂಕುಳಲ್ಲಿ ಚೀಲವನ್ನು ಅವುಚಿಕೊಂಡು ಅವರು ಊದಿದರೆ ನಾಗಸ್ವರದ ಹಿಂದೆ ಶ್ರುತಿ ಹಿಡಿದ ಹಾಗೆ ಒಂದು ಗುಂಯ್ ನಾದ ಶಾಲೆಯ ಹಂಚುಗಳನ್ನೆಲ್ಲ ನಡುಗಿಸುತ್ತಿತ್ತು. ಅವರು ಹುಡುಗರ ಬ್ಯಾಂಡು ಕಟ್ಟಿದರು. ಜನವರಿಯಲ್ಲಿ ಹಾಸನದ ಸ್ಟೇಡಿಯಮ್ಮಿನಲ್ಲಿ ನಡೆಯುವ ಪೆರೇಡಿಗೆ ತಮ್ಮ ಹಳೆಯ ದಂಡಿನವರಂತೆಯೇ ಕಿಲ್ಟು, ಅಂದರೆ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಮಂಡಿಯವರೆಗಿನ ನೆರಿಗೆಯುಡುಪು, ಉಟ್ಟು ನಡೆಯಬೇಕೆಂದು ಕೆಂಪು ಹಸಿರು ಚೌಕಳಿಯ ಉಣ್ಣೆ ಬಟ್ಟೆ ತರಿಸಿ ಹೊಲಿಸಿದರು. ಹುಡುಗರು ಅದನ್ನುಟ್ಟು ಒಂದೇ ಒಂದು ಸಲ ಪೇಟೆ ಬೀದಿಯಲ್ಲಿ ನಡೆದರು. ಬಸ್‌ಸ್ಟ್ಯಾಂಡಿನ ಜನ ಲಂಗ ಲಂಗ ಎಂದು ನಕ್ಕರು. ಮರುದಿನ ಒಬ್ಬ ಹುಡುಗನೂ ಅಭ್ಯಾಸಕ್ಕೆ ಬರಲಿಲ್ಲ. ಮೇಷ್ಟ್ರು ಮೈದಾನದಲ್ಲಿ ಬಹಳ ಹೊತ್ತು ಒಬ್ಬರೇ ನಿಂತಿದ್ದು, ಆಮೇಲೆ ನಮ್ಮ ಕ್ಲಾಸಿಗೆ ಬಂದು, ಹುಡುಗಿಯರ ಕಡೆ ತಿರುಗಿ, ಯಾರಿಗಾದರೂ ಬಾರಿಸುವ ಆಸೆಯಿದೆಯೇ ಎಂದು ಕೇಳಿದರು. ಅದುವರೆಗೆ ಬ್ಯಾಂಡಿನ ಡ್ರಮ್ಮುಗಳನ್ನು ಮುಟ್ಟಲೂ ನಮಗೆ ಅವಕಾಶವಿರಲಿಲ್ಲ. ನಾನು ಯೋಚಿಸುವ ಮೊದಲೇ ನನ್ನ ಕೈ ಮೇಲೆದ್ದಿತ್ತು. ಏಳು ಜನ ಆದೆವು.

ಮನೆಯಲ್ಲಿ ತಾತ ಒಪ್ಪಲಿಲ್ಲ. ನಾನು ಎರಡು ದಿನ ಊಟ ಬಿಟ್ಟೆ ಎಂದು ಅಮ್ಮ ಆಮೇಲೆ ಹೇಳುತ್ತಿದ್ದಳು. ನನಗೆ ನೆನಪಿರುವುದು ಮೂಲೆಯ ಕಂಬಕ್ಕೆ ಕೆನ್ನೆಯಾನಿಸಿ ಕೂತಿದ್ದಷ್ಟೇ, ಆ ಕಂಬದ ತಂಪು. ಮೂರನೆಯ ದಿನ ಸಂಜೆ ಮೇಷ್ಟ್ರೇ ಬಂದು ಜಗಲಿಯ ತುದಿಯಲ್ಲಿ ಕೂತರು. ಮಂಡಿ ತೋರಿಸಿಕೊಂಡು ಸಾವಿರ ಜನರ ಮುಂದೆ ನಡೆಯುವುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಆಗದ ಮಾತು ಎಂದು ತಾತ ಮೃದುವಾಗಿಯೇ ಹೇಳಿದರು. ಮೇಷ್ಟ್ರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

“ನಗಾಡೋ ಬಟ್ಟೆ ಅಲ್ಲ ಸಾಮಿ ಅದು,” ಎಂದರು. “ಜೊತೇಲಿದ್ದೋರು ಸತ್ತಾಗ ಅದನ್ನ ಉಟ್ಕಂಡೇ ನಾವು ಮುಂದೆ ಊದ್ಕಂಡು ಓಗ್ತಿದ್ದಿದ್ದು. ಮಿಕ್ಕ ದಿನ ಪೆಟ್ಟಿಗೇಲಿರದು. ಯಾರೂ ಮುಟ್ಟಂಗಿರ್ನಿಲ್ಲ.”

ದೇವಸ್ಥಾನದ ಗಂಟೆ ಬಾರಿಸಿ ನಿಂತಿತು. “ಒಗೆದು ಬೇರೆ ಒಣಗಿಸ್ತಿದ್ರೋ?” ಎಂದು ತಾತ ಕೇಳಿದರು.

“ಊಂ ಸಾಮಿ. ಬೇರೆ ಅಗ್ಗದ ಮ್ಯಾಲೆ.”

“ಹಾಗಾದ್ರೆ ಅದೂ ಒಂಥರಾ ಮಡೀನೇ,” ಎಂದರು ತಾತ, ತಮಗೆ ತಾವೇ ಹೇಳಿಕೊಂಡಂತೆ. ಆದರೂ ಮಂಡಿಯ ವಿಷಯ ಬಿಡಲಿಲ್ಲ. ಆಗ ಬಾಗಿಲ ಹಿಂದಿನಿಂದ ಶಾರದತ್ತೆಯ ದನಿ ಬಂತು. ಹೊರಗಿನ ಗಂಡಸಿನ ಎದುರು ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ನಾನು ಇಳಿಸಿ ಹೊಲಿದುಕೊಡ್ತೀನಪ್ಪಾ. ಏಳನ್ನೂ.”

ಆ ದಿನಗಳು ಈಗ ಒಂದೇ ದಿನದ ಹಾಗೆ ಕಾಣುತ್ತವೆ, ಎಂದೂ ಮುಗಿಯದ, ಹೊಂಬಣ್ಣದ ಒಂದು ಮಧ್ಯಾಹ್ನದ ಹಾಗೆ. ಅತ್ತೆ ಹುಡುಗರ ಕಿಲ್ಟುಗಳ ಹೊಲಿಗೆ ಬಿಚ್ಚಿ, ಉಳಿದ ಬಟ್ಟೆ ಕೂಡಿಸಿ, ಉದ್ದ ಬಿಟ್ಟು ಮತ್ತೆ ಕಟ್ಟಿದಳು. ಕಿಲ್ಟಿಗೆ ಮುಂದೆಲ್ಲ ಸಪಾಟು, ನೆರಿಗೆಯೆಲ್ಲ ಹಿಂದೆ. ಒಂದೊಂದು ನೆರಿಗೆ ಮಡಿಸಿದಾಗಲೂ ಚೌಕಳಿಯ ಗೆರೆ ಪಕ್ಕದ ಗೆರೆಗೆ ಮುರಿಯದೆ ಸೇರಬೇಕು. ಸೇರದಿದ್ದರೆ ಬಿಚ್ಚಿ ಮತ್ತೆ ಹಿಡಿಯುತ್ತಿದ್ದಳು. ತೆಂಗಿನ ಚಿಪ್ಪಿನ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಅವಳು ಒದ್ದೆ ಬಟ್ಟೆಯ ಮೇಲೆ ಒತ್ತಿದಾಗ ನಡುಮನೆಯೆಲ್ಲ ಹಬೆ. ಹಿತ್ತಿಲಿನಲ್ಲಿ ನಾನು ಒಗೆಯುವ ಕಲ್ಲಿನ ಮೇಲೆ ಎರಡು ಕಡ್ಡಿ ಹಿಡಿದು ಬಾರಿಸುತ್ತಿದ್ದರೆ, ಒಳಗಿನ ಮಿಷನ್ನಿನ ಸದ್ದು ನನ್ನ ತಾಳಕ್ಕೆ ಸರಿಯಾಗಿ ಓಡುತ್ತಿತ್ತು. ಅವಳು ಬೇಕೆಂದೇ ಹಾಗೆ ತುಳಿಯುತ್ತಿದ್ದಳೋ ಏನೋ, ಕೇಳಲಿಲ್ಲ. ಉದ್ದ ನೋಡಲು ನನಗೆ ಉಡಿಸಿ ಸುತ್ತ ತಿರುಗೆನ್ನುತ್ತಿದ್ದಳು. ತಿರುಗಿದರೆ ನೆರಿಗೆಗಳು ಅರಳಿ ಮುಚ್ಚಿಕೊಳ್ಳುತ್ತಿದ್ದವು, ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಗುತ್ತಿದ್ದಳು.

ಪೆರೇಡಿನ ದಿನ ಅತ್ತೆ ತಾನೂ ಬರುತ್ತೇನೆಂದಳು. ದಾರಿಯಲ್ಲಿ ಯಾರದಾದರೂ ನೆರಿಗೆ ಬಿಟ್ಟುಕೊಂಡರೆ ಹಾಕಲು ಸೂಜಿ ದಾರ ಬೇಕಲ್ಲ ಎನ್ನುವುದು ಅವಳು ಕೊಟ್ಟ ಕಾರಣ. ತಾತ ತಮ್ಮ ಶಾಲು ತಂದು ಅವಳ ಕೈಗೆ ಕೊಟ್ಟರು. ಹೇಮಾವತಿಯ ಸೇತುವೆ ದಾಟುವಾಗ ನೀರು ಕಾಣದಷ್ಟು ಮಂಜು. ಅತ್ತೆ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು.

ಸ್ಟೇಡಿಯಮ್ಮಿನಲ್ಲಿ ನಮ್ಮ ಮುಂದೆ ಮೇಷ್ಟ್ರು, ನರೆತ ಮೀಸೆ, ತಮ್ಮದೇ ಹಳೆಯ ಕಿಲ್ಟು. ಜನ ನಕ್ಕರು. ಆಮೇಲೆ ನಗು ನಿಂತಿತೆಂದು ಬರೆಯಲು ಆಸೆಯಾಗುತ್ತದೆ, ಆದರೆ ನಿಂತಿತೋ, ನನ್ನ ಕಿವಿಯೇ ಮುಚ್ಚಿತೋ ತಿಳಿಯದು. ಮಂಡಿಯ ಕೆಳಗೆ ಉಣ್ಣೆ ಚುಚ್ಚುತ್ತಿತ್ತು, ಕೈ ತನ್ನಷ್ಟಕ್ಕೆ ಬಾರಿಸುತ್ತಿತ್ತು, ಬ್ಯಾಗ್‌ಪೈಪಿನ ನಾದ ನಮ್ಮನ್ನೆಲ್ಲ ನೆಲದಿಂದ ಒಂದು ಗೇಣು ಮೇಲೆತ್ತಿ ತೇಲಿಸಿಕೊಂಡು ಹೋಗುತ್ತಿತ್ತು. ಯಾವ ಬಹುಮಾನವೂ ಬರಲಿಲ್ಲ.

ಮರುವರ್ಷ ಶಾಲೆಯವರು ಬ್ಯಾಂಡಿಗೆ ಬಿಳಿ ಪ್ಯಾಂಟು ಹೊಲಿಸಿದರು. ಹುಡುಗರು ವಾಪಸು ಬಂದರು. ನಮ್ಮನ್ನು ಯಾರೂ ಕರೆಯಲಿಲ್ಲ. ಮೇಷ್ಟ್ರು ಕೆಲಸ ಬಿಟ್ಟು ಮಲ್ಲಿಪಟ್ಟಣಕ್ಕೆ ಹೋದರಂತೆ, ಅಲ್ಲಿಯೇ ತೀರಿಕೊಂಡರಂತೆ. ನಮಗೆ ತಿಳಿಯುವ ಹೊತ್ತಿಗೆ ಎಷ್ಟೋ ತಿಂಗಳಾಗಿತ್ತು. ತಾತ ಹೋದರು. ಅಪ್ಪನಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಗಿ, ಅಲ್ಲಿನ ಬಾಡಿಗೆ ಮನೆಯಲ್ಲಿ ಒಂದು ಚಳಿಗಾಲ ಶಾರದತ್ತೆಯೂ ಹೋದಳು. ದೇವಸ್ಥಾನದ ಹಿಂದಿನ ಮನೆ ಇದ್ದ ಜಾಗದಲ್ಲಿ ಈಗ ಮೂರು ಮಳಿಗೆಗಳಿವೆ. ಒಮ್ಮೆ ಹೋಗಿ ನಡುಮನೆ ಎಲ್ಲಿತ್ತೆಂದು ಅಂದಾಜು ಮಾಡಲು ನೋಡಿದೆ, ಆಗಲಿಲ್ಲ.

ಆ ದಿನ ಹಾಸನದಿಂದ ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ಗದ್ದೆಗಳ ಮೇಲೆ ಬಿಸಿಲು ಮಾಗುತ್ತಿತ್ತು. ನಾನು ಅತ್ತೆಯ ಮಡಿಲಲ್ಲಿ ತಲೆಯಿಟ್ಟು, ನನ್ನ ಡ್ರಮ್ಮು ಕೇಳಿಸಿತೇ ಎಂದು ಕೇಳಿದೆ. ಅವಳು ನನ್ನ ಕೂದಲಲ್ಲಿ ಬೆರಳಾಡಿಸಿದಳು.

“ಅಷ್ಟು ಸದ್ದಲ್ಲಿ ನಿಂದು ಯಾವುದು ಅಂತ ಗೊತ್ತಾಗಲಿಲ್ಲ ಕಣೇ,” ಎಂದಳು. “ಎಲ್ಲಾ ನಿಂದೇ ಅನ್ಕೊಂಡು ಕೇಳಿದೆ.”